ಸವೆದ ಮಂಡಿ, ಬಿಗಿದ ಪಾದ, ಹೊಂದುವ ಸ್ಟಿರಪ್: ಒಂದು ಪ್ರಕರಣ

‘ಕುದುರೆ ಹತ್ತಬಹುದು’ ಎಂದು ಡಾಕ್ಟರು ಹೇಳಿದ ಮೇಲೂ ಕೀಲು ನೋವಿರುವವರಿಗೆ ಒಂದು ಪ್ರಶ್ನೆ ಉಳಿದೇ ಇರುತ್ತದೆ. ಪಾದ ಇಡುವ ಸ್ಟಿರಪ್ ಎಂಥದ್ದಿರಬೇಕು, ಅದನ್ನು ಜೀನಿಗೆ ತೂಗುಹಾಕುವ ಪಟ್ಟಿ ಎಂಥದ್ದಿರಬೇಕು? ಹೆಚ್ಚಿನವರು ಕೊಡುವ ಸಲಹೆ ಒಂದೇ: ಅಗಲವಾದದ್ದು, ಮೆತ್ತನೆಯದು ತಗೊಳ್ಳಿ. ನನ್ನ ಹತ್ತಿರ ಸವಾರಿಗೆ ಬರುವ ಒಬ್ಬರ ವಿಷಯದಲ್ಲಿ ಆ ಸಲಹೆ ಅರ್ಧ ಕೆಲಸ ಮಾಡಿತು, ಇನ್ನರ್ಧ ಹೊಸ ತೊಂದರೆ ತಂದಿತು. ಅವರ ಒಪ್ಪಿಗೆ ಪಡೆದು ಅದನ್ನು ಪೂರ್ತಿಯಾಗಿ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಕೀಲುಗಳ ವಿಚಾರ ಮತ್ತು ನಾವು ತೆಗೆದುಕೊಂಡ ತೀರ್ಮಾನಗಳು ಮಾತ್ರ ಇದ್ದ ಹಾಗೇ ಇವೆ. ಎಲ್ಲರೂ ಅವರನ್ನು ಮೇಡಂ ಅಂತಲೇ ಕರೆಯುತ್ತೇವೆ, ಇಲ್ಲೂ ಹಾಗೇ ಇರಲಿ.

ಹಿನ್ನೆಲೆ

ಮೇಡಂ ಚಿಕ್ಕ ವಯಸ್ಸಿನಲ್ಲೇ ಸವಾರಿ ಕಲಿತವರು. ಕೆಲಸ, ಸಂಸಾರ ಅಂತ ನಡುವೆ ಬಿಟ್ಟು, ಐವತ್ತು ದಾಟಿದ ಮೇಲೆ ಮತ್ತೆ ಶುರು ಮಾಡಿದ್ದರು. ಲಗಾಮಿನ ಮೇಲೆ ಕೈ ಹದವಾಗಿತ್ತು. ಬೆನ್ನು ನೇರ, ಕೂತರೆ ಕುದುರೆಗೆ ಭಾರವೇ ಅಲ್ಲ ಅನ್ನುವ ಹಾಗೆ ಕೂರುತ್ತಿದ್ದರು. ತೊಂದರೆ ಇದ್ದದ್ದು ಎರಡು ಕೀಲುಗಳಲ್ಲಿ. ಬಲ ಮಂಡಿಯ ಒಳಬದಿ ಸವೆದಿತ್ತು. ಎಡ ಪಾದದ ಕೀಲು ಹಿಂದೊಮ್ಮೆ ಮುರಿದು ಕೂಡಿಕೊಂಡಿದ್ದರಿಂದ ಪಾದವನ್ನು ಮೇಲಕ್ಕೆ ಎಳೆಯಲು ಹೆಚ್ಚು ಜಾಗ ಇರಲಿಲ್ಲ. ಅಂದರೆ ಹಿಮ್ಮಡಿ ಕೆಳಗಿಳಿಯುತ್ತಿರಲಿಲ್ಲ. ಅದೇ ಕೀಲು ಅಕ್ಕಪಕ್ಕಕ್ಕೆ ಮಾತ್ರ ಸಡಿಲ. ಸಮ ಇಲ್ಲದ ನೆಲದಲ್ಲಿ ನಡೆದರೆ ಉಳುಕುತ್ತಿತ್ತು.

ಫಿಸಿಯೋಥೆರಪಿಸ್ಟ್ ಸವಾರಿ ಬೇಡ ಅನ್ನಲಿಲ್ಲ. ಎತ್ತರದಿಂದ ಜಿಗಿಯಬೇಡಿ, ಮಂಡಿಯನ್ನು ತಿರುಚಬೇಡಿ ಅಂತ ಎರಡು ಮಾತು ಹೇಳಿದ್ದರು. ಎರಡನೆಯ ಮಾತು ಎಷ್ಟು ಮುಖ್ಯ ಅನ್ನೋದು ಮುಂದೆ ಗೊತ್ತಾಗುತ್ತದೆ.

ಕುದುರೆ ಶಾಂತ ಸ್ವಭಾವದ್ದು, ಬೆನ್ನು ಸ್ವಲ್ಪ ಅಗಲ. ಜೀನು ಎಲ್ಲ ಕೆಲಸಕ್ಕೂ ಬಳಸುವ ಸಾಧಾರಣ ಇಂಗ್ಲಿಷ್ ಮಾದರಿಯದು. ಸ್ಟಿರಪ್ ಸಾದಾ ಸ್ಟೀಲಿನದು, ಒಳಗಿನ ಅಗಲ 12 ಸೆಂ.ಮೀ. ಪಟ್ಟಿಗಳು ಬಹಳ ಹಳೆಯವು, ಎರಡು ಪದರದ ತೊಗಲು, ಬಕಲ್ ತೊಡೆಯ ಅಡಿಗೆ ಸಿಕ್ಕುವಂಥವು.

ತೊಂದರೆ

ಹತ್ತಿ ಹದಿನೈದು ನಿಮಿಷಕ್ಕೆ ಬಲ ಮಂಡಿಯ ಒಳಗಡೆ ಚುಚ್ಚುವ ನೋವು. ಎಡಪಾದ ಜೋಮು ಹಿಡಿಯುತ್ತಿತ್ತು. ಟ್ರಾಟ್‌ನಲ್ಲಿ, ಅಂದರೆ ನಡಿಗೆಗಿಂತ ವೇಗದ ಕುಲುಕು ಓಟದಲ್ಲಿ, ಏಳುತ್ತ ಕೂರುತ್ತ ಹೋಗುವಾಗ ಎಡ ಸ್ಟಿರಪ್ ಪಾದದಿಂದ ಜಾರಿ ಹೋಗುತ್ತಿತ್ತು, ಹುಡುಕಿ ಮತ್ತೆ ಪಾದ ತೂರಿಸಲು ಆ ಬಿಗಿ ಕೀಲು ಬಗ್ಗುತ್ತಿರಲಿಲ್ಲ. ಇಳಿದ ಮೇಲೆ ಒಂದೆರಡು ನಿಮಿಷ ಜೀನು ಹಿಡಿದುಕೊಂಡೇ ನಿಲ್ಲಬೇಕಿತ್ತು.

ಇದನ್ನೆಲ್ಲ ಅವರು ವಯಸ್ಸಿನ ಲೆಕ್ಕಕ್ಕೆ ಬರೆದುಬಿಟ್ಟಿದ್ದರು. “ಸರ್, ಮಂಡಿ ನೋವು ಮನೇಲಿ ಕೂತ್ರೂ ಬರುತ್ತೆ. ಇಲ್ಲಿ ಬಂದ್ರೆ ಮನಸ್ಸಿಗಾದ್ರೂ ಸಮಾಧಾನ” ಅನ್ನುತ್ತಿದ್ದರು. ಕೀಲಿಗೆ ಹಿತವಾಗಲಿ ಅಂತ ಒಳಗೆ ದಪ್ಪ ಮೆತ್ತೆ ಇರುವ ಅಗಲವಾದ ಬೂಟು ಕೊಂಡರು. ಬೂಟು ಚೆನ್ನಾಗಿತ್ತು. ನಡೆಯುವಾಗ ಪಾದ ಉಳುಕುವುದು ಕಡಿಮೆಯಾಯಿತು.

ಪರಿಸ್ಥಿತಿ ತಿರುವು ಪಡೆದದ್ದು ಅದೇ ಬೂಟಿನಿಂದ. ಒಂದು ದಿನ ಇಳಿಯುವಾಗ ಮೇಡಂ ಯಾವಾಗಿನ ಹಾಗೆ ಎಡಪಾದವನ್ನು ಸ್ಟಿರಪ್‌ನಲ್ಲೇ ಇಟ್ಟುಕೊಂಡು ಬಲಗಾಲನ್ನು ಈಚೆ ತಂದು ನೆಲಕ್ಕೆ ಇಳಿಸಿದರು. ಬಲ ಮಂಡಿಗೆ ಧಕ್ಕೆ ಆಗಬಾರದು ಅಂತ ಅವರೇ ಮಾಡಿಕೊಂಡಿದ್ದ ಉಪಾಯ ಅದು, ಏಣಿ ಇಳಿದ ಹಾಗೆ. ಬಲಗಾಲು ನೆಲ ಮುಟ್ಟಿತು. ಎಡಪಾದ ಹೊರಗೆ ಬರಲಿಲ್ಲ. ಅಗಲವಾದ ಬೂಟು ಸ್ಟಿರಪ್‌ನ ಎರಡು ಕಂಬಿಗಳ ನಡುವೆ ಬೆಣೆಯ ಹಾಗೆ ಸಿಕ್ಕಿಕೊಂಡಿತ್ತು. ಒಂದು ಕಾಲಿನ ಮೇಲೆ, ಅದೂ ನೋವಿನ ಕಾಲಿನ ಮೇಲೆ ನಿಂತು, ಇನ್ನೊಂದು ಕಾಲು ಎದೆಯ ಎತ್ತರದಲ್ಲಿ. ಕುದುರೆ ಒಂದು ಹೆಜ್ಜೆ ಮುಂದಿಟ್ಟಿದ್ದರೂ ಏನಾಗುತ್ತಿತ್ತೋ. ಅದು ಅಲುಗಾಡಲಿಲ್ಲ. ಕುದುರೆ ನೋಡಿಕೊಳ್ಳುವ ಸೈಸ್ ಓಡಿ ಬಂದು ಲಗಾಮು ಹಿಡಿದ, ನಾನು ಪಾದ ತಿರುಗಿಸಿ ಬಿಡಿಸಿದೆ.

ಆಮೇಲೆ ಅಳೆದು ನೋಡಿದೆವು. ಹೊಸ ಬೂಟಿನ ಅತಿ ಅಗಲವಾದ ಜಾಗ 11 ಸೆಂ.ಮೀ. ಇತ್ತು. 12 ಸೆಂ.ಮೀ. ಸ್ಟಿರಪ್‌ನಲ್ಲಿ ಒಂದೊಂದು ಬದಿಗೆ ಉಳಿದದ್ದು ಅರ್ಧ ಸೆಂಟಿಮೀಟರ್ ಮಾತ್ರ. ಬೂಟಿನ ಅಗಲಕ್ಕಿಂತ ಸ್ಟಿರಪ್ ಒಟ್ಟು 1 ಇಂಚು, ಅಂದರೆ 2.5 ಸೆಂ.ಮೀ. ದೊಡ್ಡದಿರಬೇಕು ಅನ್ನುವುದು ಸವಾರಿ ಕಲಿಸುವವರೆಲ್ಲ ಒಪ್ಪುವ ಸಾಮಾನ್ಯ ಅಳತೆ. ಅದಕ್ಕಿಂತ ಕಿರಿದಾದರೆ ಪಾದ ಸಿಕ್ಕಿಕೊಳ್ಳುತ್ತದೆ. ಬಹಳ ಅಗಲವಾದರೆ ಇಡೀ ಪಾದವೇ ಆಚೆ ತೂರಿಹೋಗುತ್ತದೆ, ಅದು ಇನ್ನೂ ಕೆಟ್ಟದ್ದು. ಬಿದ್ದವರನ್ನು ಕುದುರೆ ಎಳೆದುಕೊಂಡು ಹೋಗುವುದು ಈ ಎರಡು ಕಾರಣಕ್ಕೇ.

ಅವತ್ತೇ ಒಂದು ತೀರ್ಮಾನ ಮಾಡಿದೆವು. ಬೂಟಿಗೆ ಹೊಂದುವ ಸ್ಟಿರಪ್ ಸಿಗುವ ತನಕ ಸವಾರಿ ಇಲ್ಲ. ಮೇಡಂಗೆ ಬೇಸರವಾಯಿತು. ಆದರೆ ಆ ತಡೆಯಿಂದಲೇ ಒಂದು ಒಳ್ಳೆಯದಾಯಿತು, ಏನನ್ನೂ ಕೊಳ್ಳುವ ಮೊದಲು ಕೂತು ನೋಡಲು ನಮಗೆ ಸಮಯ ಸಿಕ್ಕಿತು.

ಮೊದಲು ನೋಡಿದ್ದು

ಜೀನನ್ನು ಮರದ ಸ್ಟ್ಯಾಂಡ್ ಮೇಲೆ ಇಟ್ಟು ಮೇಡಂ ಅವರನ್ನು ಅದರ ಮೇಲೆ ಕೂರಿಸಿದೆ. ಸ್ಟಿರಪ್‌ಗೆ ಪಾದ ಕೊಡದೆ ಸುಮ್ನೆ ಕಾಲು ಇಳಿಬಿಡಿ ಅಂದೆ. ಕೀಲು ನೋವಿರುವ ಯಾರಿಗೇ ಆದರೂ ನಾನು ಈಗ ಮೊದಲು ಇದನ್ನೇ ಮಾಡಿಸುತ್ತೇನೆ. ಕಾಲು ತಾನಾಗಿ ಎಲ್ಲಿ ನಿಲ್ಲುತ್ತದೆ, ಬೆರಳು ಯಾವ ಕಡೆ ನೋಡುತ್ತದೆ ಅನ್ನುವುದು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಮೇಡಂ ಅವರ ಎಡಪಾದ ಬಹುತೇಕ ನೇರ ಇತ್ತು. ಬಲಪಾದದ ಬೆರಳುಗಳು ಚೆನ್ನಾಗಿಯೇ ಹೊರಗೆ ತಿರುಗಿದ್ದವು. ಪಾದ ನೇರ ಮಾಡಿ ಅಂದರೆ ಮಾಡುತ್ತಿದ್ದರು, ಆದರೆ ಮಾಡಿದ ಕೂಡಲೇ ಕೈ ಮಂಡಿಗೆ ಹೋಗುತ್ತಿತ್ತು. ಸೊಂಟದ ಕೀಲು ಒಳಕ್ಕೆ ತಿರುಗಲು ಒಪ್ಪುತ್ತಿರಲಿಲ್ಲ, ಪಾದ ನೇರವಾಗಲು ಬೇಕಾದ ತಿರುವನ್ನು ಮಂಡಿ ಕೊಡಬೇಕಾಗುತ್ತಿತ್ತು.

ಆಮೇಲೆ ಪಾದವನ್ನು ಸ್ಟಿರಪ್‌ನಲ್ಲಿ ಇಡಿಸಿ, ಸ್ವಲ್ಪ ಹೊತ್ತು ಬಿಟ್ಟು, ಮೆಲ್ಲಗೆ ತೆಗೆಯಲು ಹೇಳಿದೆ. ಬಲಪಾದ ಹೊರಬಂದ ತಕ್ಷಣ ಸ್ಟಿರಪ್ ಪಟ್ ಅಂತ 90 ಡಿಗ್ರಿ ತಿರುಗಿ ಜೀನಿಗೆ ಚಪ್ಪಟೆಯಾಗಿ ಅಂಟಿಕೊಂಡಿತು. ಮತ್ತೆ ಇಡಿಸಿದೆ, ತೆಗೆಸಿದೆ, ಮತ್ತೆ ಹಾಗೇ. ಅದನ್ನು ನೋಡಿ ಮೇಡಂ ಅಂದರು: “ಅಂದ್ರೆ ಇಷ್ಟು ಹೊತ್ತೂ ಇದನ್ನ ನನ್ನ ಕಾಲೇ ತಿರುಗಿಸಿ ಹಿಡ್ಕೊಂಡಿತ್ತಾ?”

ಹೌದು, ಅದೇ ವಿಷಯ. ಸಾದಾ ಸ್ಟಿರಪ್‌ನ ತಲೆಯಲ್ಲಿ ಪಟ್ಟಿ ತೂರುವ ಕಿಂಡಿ ಇರುವ ರೀತಿಯಿಂದ ಅದು ಕುದುರೆಯ ಮೈಗೆ ಸಮಾನಾಂತರವಾಗಿ ತೂಗುತ್ತದೆ. ಪಾದ ಇಡಬೇಕಾದರೆ ಅದನ್ನು 90 ಡಿಗ್ರಿ ತಿರುಗಿಸಬೇಕು. ತಿರುಗಿಸಿದಾಗ ಪಟ್ಟಿ ಹುರಿಗೊಳ್ಳುತ್ತದೆ, ಹುರಿಗೊಂಡ ಪಟ್ಟಿ ಬಿಚ್ಚಿಕೊಳ್ಳಲು ಎಳೆಯುತ್ತಲೇ ಇರುತ್ತದೆ. ದಪ್ಪ ತೊಗಲಾದರೆ ಎಳೆತ ಜಾಸ್ತಿ. ಆ ಎಳೆತವನ್ನು ತಡೆಯುವುದು ಪಾದ, ಅಲ್ಲಿಂದ ಅದು ಹೋಗುವುದು ಮಂಡಿಗೆ. ಮಂಡಿ ಬಾಗಿಲಿನ ಹಿಂಜಿನ ಹಾಗೆ ಮಡಚಿ ಬಿಚ್ಚಲು ಇರುವ ಕೀಲು, ತಿರುಚಲು ಅದಕ್ಕೆ ಜಾಗ ಕಡಿಮೆ. ಗಟ್ಟಿಮುಟ್ಟಾದ ಮಂಡಿ ಇದನ್ನು ಗಮನಿಸುವುದೇ ಇಲ್ಲ. ಸವೆದ ಮಂಡಿ ಹದಿನೈದು ನಿಮಿಷದಲ್ಲಿ ದೂರು ಹೇಳುತ್ತದೆ. ‘ತಿರುಚಬೇಡಿ’ ಅಂತ ಫಿಸಿಯೋಥೆರಪಿಸ್ಟ್ ಹೇಳಿದ್ದ ಕೆಲಸವನ್ನು ಪಟ್ಟಿ ಸವಾರಿಯ ಉದ್ದಕ್ಕೂ ಮಾಡಿಸುತ್ತಿತ್ತು.

ಪಟ್ಟಿಗಳನ್ನು ಬಿಚ್ಚಿ ಒಂದೇ ಮೊಳೆಗೆ ಪಕ್ಕಪಕ್ಕದಲ್ಲಿ ನೇತುಹಾಕಿದೆವು. ಎರಡನ್ನೂ ಒಂದೇ ತೂತಿಗೆ ಹಾಕಿದ್ದರೂ ಎಡಗಡೆಯದು ಒಂದು ಬೆರಳಿನಷ್ಟು ಉದ್ದ ಇತ್ತು. ಕುದುರೆ ಹತ್ತುವುದು ಎಡಗಡೆಯಿಂದ, ಇಡೀ ಮೈಭಾರ ಎಳೆಯುವುದು ಆ ಪಟ್ಟಿಯನ್ನೇ. ಹಾಗಾಗಿ ವರ್ಷಗಳಲ್ಲಿ ಅದು ಹಿಗ್ಗುತ್ತದೆ. ಮೇಡಂ ಅವರ ಹಿಮ್ಮಡಿ ಇಳಿಯದ ಪಾದಕ್ಕೇ ಉದ್ದದ ಪಟ್ಟಿ ಸಿಕ್ಕಿತ್ತು. ಪಾದ ತುದಿಬೆರಳಲ್ಲಿ ಸ್ಟಿರಪ್ ಹುಡುಕುತ್ತಿತ್ತು, ಟ್ರಾಟ್‌ನಲ್ಲಿ ಅದು ಜಾರುತ್ತಿದ್ದದ್ದರಲ್ಲಿ ಆಶ್ಚರ್ಯವೇನಿಲ್ಲ.

ಏನೇನು ಮಾಡಿ ನೋಡಿದೆವು

ಲಾಯದಲ್ಲಿ ಸಲಹೆಗೆ ಬರವಿಲ್ಲ. ಪಟ್ಟಿ ಉದ್ದ ಮಾಡಿ, ಮಂಡಿ ಕಡಿಮೆ ಮಡಚುತ್ತದೆ, ನೋವು ಹೋಗುತ್ತದೆ ಅಂತ ಮೇಡಂ ಜೊತೆ ಸವಾರಿ ಮಾಡುವವರು ಹೇಳಿದರು. ಇದರಲ್ಲಿ ನಿಜ ಇದೆ. ಪಟ್ಟಿ ಗಿಡ್ಡವಾದಷ್ಟೂ ಮಂಡಿ ಮಡಚುತ್ತದೆ, ಮಡಚಿದ ಮಂಡಿಯ ಮೇಲೆ ಎದ್ದು ಕೂರುವಾಗ ಭಾರ ಹೆಚ್ಚು ಬೀಳುತ್ತದೆ. ಹೊಂದುವ ಸ್ಟಿರಪ್ ಎರವಲು ತಂದ ಮೇಲೆ ಎರಡು ತೂತು ಇಳಿಸಿ ನೋಡಿದೆವು. ನಡಿಗೆಯಲ್ಲಿ ಮೇಡಂ ಮುಖ ಅರಳಿತು. ಟ್ರಾಟ್ ಶುರುವಾದ ಕೂಡಲೇ ಎಡಪಾದ ಮತ್ತೆ ತುದಿಬೆರಳಿಗೆ ಬಂತು, ಸೊಂಟ ಅಕ್ಕಪಕ್ಕಕ್ಕೆ ತುಯ್ಯತೊಡಗಿತು, ಸಮತೋಲಕ್ಕೆ ಮಂಡಿಯಿಂದ ಜೀನನ್ನು ಅದುಮಿ ಹಿಡಿದರು. ನೋವಿರುವ ಮಂಡಿಯಿಂದ ಅದುಮಿ ಹಿಡಿಯುವುದಕ್ಕಿಂತ ಸ್ವಲ್ಪ ಮಡಚುವುದೇ ವಾಸಿ. ಕೊನೆಗೆ ಹಳೆಯ ಅಳತೆಗಿಂತ ಒಂದೇ ತೂತು ಇಳಿಸಿದ್ದು ಸರಿಹೋಯಿತು. ಕೈಚಾಚಿ, ಬೆರಳ ತುದಿಯನ್ನು ಜೀನಿನಲ್ಲಿ ಪಟ್ಟಿ ತೂಗುಹಾಕುವ ಸ್ಟಿರಪ್ ಬಾರ್‌ಗೆ ಇಟ್ಟು, ಸ್ಟಿರಪ್ ಕಂಕುಳಿಗೆ ಮುಟ್ಟುವಂತೆ ಅಳೆಯುವ ರೂಢಿ ಇದೆಯಲ್ಲ, ಅದು ಶುರು ಮಾಡಲು ಮಾತ್ರ. ಕೈಯ ಉದ್ದಕ್ಕೆ ಮಂಡಿ ಎಷ್ಟು ಮಡಚುತ್ತದೆ ಅನ್ನುವುದು ಗೊತ್ತಿರುವುದಿಲ್ಲ.

ಈ ಹಂತದಲ್ಲಿ ಮೇಡಂ ಕುಗ್ಗಿದ್ದು ನೋವಿಗಲ್ಲ, ಹಿಮ್ಮಡಿಗೆ. ಹಿಮ್ಮಡಿ ಕೆಳಗೆ, ಬೆರಳು ಮುಂದಕ್ಕೆ ಅಂತ ಕಲಿತ ಪಾಠ ತಲೆಯಲ್ಲಿ ಕೂತಿತ್ತು. ಅದು ಆಗದಿದ್ದರೆ ಸವಾರಿಯೇ ಅಲ್ಲ ಅನ್ನುವಷ್ಟು. ನಾನು ಅವರಿಗೆ ಲಿಸ್ ಹಾರ್ಟೆಲ್ ವಿಷಯ ಹೇಳಿದೆ. ಡೆನ್ಮಾರ್ಕ್‌ನ ಈ ಮಹಿಳಾ ಸವಾರರಿಗೆ ಪೋಲಿಯೋದಿಂದ ಮಂಡಿಯ ಕೆಳಗೆ ಕಾಲುಗಳಲ್ಲಿ ಬಲವೇ ಇರಲಿಲ್ಲ. ಕುದುರೆ ಹತ್ತಲು ಇಳಿಯಲು ಬೇರೆಯವರು ನೆರವಾಗಬೇಕಿತ್ತು. ಅವರು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನ ಡ್ರೆಸಾಜ್‌ನಲ್ಲಿ (ಕುದುರೆಯನ್ನು ನಿಖರವಾದ ಹೆಜ್ಜೆಗಳಲ್ಲಿ ನಡೆಸಿ ತೋರಿಸುವ ಸ್ಪರ್ಧೆ) ಬೆಳ್ಳಿ ಗೆದ್ದರು, 1956ರಲ್ಲಿ ಮತ್ತೆ ಗೆದ್ದರು. ಹಿಮ್ಮಡಿ ಇಳಿಸುವುದರ ಉದ್ದೇಶ ಪಾದ ಸ್ಟಿರಪ್‌ನಲ್ಲಿ ಮುಂದೆ ತೂರಿಹೋಗದಿರಲಿ, ಭಾರ ಕೆಳಗೆ ಇಳಿಯಲಿ ಎಂದು. ಮೇಡಂ ಅವರ ಎಡಪಾದ ಸಮತಟ್ಟಾಗಿ ನಿಂತರೆ ಸಾಕು, ಉಳಿದ ಕಾವಲನ್ನು ಸಲಕರಣೆಯಿಂದ ಮಾಡೋಣ ಅಂತ ತೀರ್ಮಾನಿಸಿದೆವು. ಆ ಒಂದು ಮಾತು ಒಪ್ಪಿಕೊಂಡ ಮೇಲೆ ಅವರ ಇಡೀ ಮೈ ಸಡಿಲವಾಯಿತು.

ಎರವಲು ತಂದದ್ದು ದೂರದ ಸವಾರಿಗೆ ಬಳಸುವ ಅಗಲ ತಳದ ಸ್ಟಿರಪ್. ಸಾದಾ ಸ್ಟಿರಪ್‌ನ ತಳ ಕಿರಿದು, ಇಡೀ ಭಾರ ಪಾದದ ಒಂದೇ ಗೆರೆಯ ಮೇಲೆ ಬೀಳುತ್ತದೆ. ತಳ ಹಿಂದೆ ಮುಂದೆ ಅಗಲವಾದರೆ ಭಾರ ಹರಡುತ್ತದೆ. ಜೋಮು ಹಿಡಿಯುವುದು ಅಲ್ಲಿಗೆ ನಿಂತೇ ಹೋಯಿತು. ಈ ಒಂದು ವಿಷಯದಲ್ಲಿ ‘ಅಗಲವಾದದ್ದು ತಗೊಳ್ಳಿ’ ಅನ್ನುವ ಸಲಹೆ ನೂರಕ್ಕೆ ನೂರು ಸರಿ.

ಆದರೆ ಆ ಜೋಡಿಯ ತಳದಲ್ಲಿ ತುರಿಯುವ ಮಣೆಯಂಥ ಲೋಹದ ಹಲ್ಲುಗಳಿದ್ದವು. ಪಾದ ಒಂದು ಚೂರೂ ಜಾರುತ್ತಿರಲಿಲ್ಲ. ಎಡಗಾಲಿಗೆ ಅದು ಧೈರ್ಯ ಕೊಟ್ಟಿತು, ಬಲ ಮಂಡಿ ಮೊದಲಿಗಿಂತ ಜಾಸ್ತಿ ನೋಯತೊಡಗಿತು. ಕಾರಣ ಹುಡುಕಲು ಮೇಡಂ ಟ್ರಾಟ್ ಮಾಡುವಾಗ ನಾನು ಬಲಪಾದವನ್ನಷ್ಟೇ ನೋಡುತ್ತ ಪಕ್ಕದಲ್ಲಿ ಓಡಿದೆ. ಹಳೆಯ ನುಣುಪಾದ ತಳದಲ್ಲಿ ಅವರ ಪಾದ ಪ್ರತಿ ಏಳುವಿಕೆಗೂ ಕೂದಲೆಳೆಯಷ್ಟು ತಿರುಗಿ ಹೊಂದಿಕೊಳ್ಳುತ್ತಿತ್ತು. ಈಗ ಬೂಟು ಹಲ್ಲಿಗೆ ಕಚ್ಚಿ ನಿಂತಿತ್ತು. ಪಾದ ತಿರುಗದಿದ್ದರೆ ಆ ತಿರುವು ಎಲ್ಲಿಗೆ ಹೋಗಬೇಕು? ಮಂಡಿಗೇ. ಹಲ್ಲಿನ ತಳ ತೆಗೆದು ರಬ್ಬರ್ ತಳ ಹಾಕಿದೆವು. ಹಿಡಿತ ಸಾಕಷ್ಟಿತ್ತು, ಕಚ್ಚಿ ಹಿಡಿಯುತ್ತಿರಲಿಲ್ಲ. ನೋವು ಹಳೆಯ ಮಟ್ಟಕ್ಕೆ ಇಳಿಯಿತು. ಜಾರಬಾರದು ಅನ್ನುವ ಆಸೆಯಲ್ಲಿ ಪಾದವನ್ನು ಕಟ್ಟಿಹಾಕಿಬಿಡುವುದು ಸುಲಭ. ಮಂಡಿ ಸವೆದವರಿಗೆ ಪಾದ ಸ್ವಲ್ಪ ತಿರುಗುವ ಸ್ವಾತಂತ್ರ್ಯ ಬೇಕೇ ಬೇಕು. ಬಿದ್ದಾಗ ಪಾದ ಹೊರಬರಲೂ ಅದೇ ಸ್ವಾತಂತ್ರ್ಯ ಬೇಕು.

ಕಂಬಿಗಳಲ್ಲಿ ರಬ್ಬರ್ ಹೊದಿಸಿದ ಕೀಲು ಇರುವ ಬಾಗುವ ಸ್ಟಿರಪ್ ಅನ್ನೂ ತಂದು ನೋಡಿದೆವು. ಕುದುರೆಯ ಹೆಜ್ಜೆಯ ಧಕ್ಕೆಯನ್ನು ಅದು ಸ್ವಲ್ಪ ನುಂಗುತ್ತದೆ, ಬಿಗಿ ಕೀಲಿನವರಲ್ಲಿ ಎಷ್ಟೋ ಜನ ಇದನ್ನೇ ಇಷ್ಟಪಡುತ್ತಾರೆ. ಬಲಗಾಲಿಗೆ ಹಿತವಾಗಿತ್ತು. ಎಡಗಾಲಿಗೆ ಆಗಲಿಲ್ಲ. “ಕೆಳಗಡೆ ನೆಲಾನೇ ಅಲ್ಲಾಡಿದ ಹಾಗಾಗುತ್ತೆ ಸರ್” ಅಂದರು. ಅವರ ಎಡ ಕೀಲು ಹಿಂದೆ ಮುಂದೆ ಬಿಗಿ, ಅಕ್ಕಪಕ್ಕಕ್ಕೆ ಸಡಿಲ ಅಂತ ಹೇಳಿದೆನಲ್ಲ. ಸಡಿಲ ಕೀಲಿನ ಕೆಳಗೆ ಸಡಿಲ ತಳ ಇಟ್ಟರೆ ಸ್ನಾಯುಗಳು ಇಡೀ ಹೊತ್ತು ಬಿಗಿಹಿಡಿದೇ ಇರಬೇಕು. ಎರಡು ಕಾಲಿಗೆ ಎರಡು ಥರದ ಸ್ಟಿರಪ್ ಹಾಕಿದರಾಗದೇ ಅಂತ ಸೈಸ್ ಕೇಳಿದ. ತೂಕ, ಎತ್ತರ ಎರಡೂ ಬೇರೆಯಾಗುತ್ತವೆ, ಮೇಡಂ ಒಂದು ಕಡೆಗೆ ವಾಲಿ ಕೂತರೆ ಅದು ಕುದುರೆಯ ಬೆನ್ನಿಗೂ ಬೀಳುತ್ತದೆ. ಅದಕ್ಕೆ ಬಾಗುವ ಸ್ಟಿರಪ್ ಬಿಟ್ಟುಬಿಟ್ಟೆವು.

ತಿರುಗಿದ ಕಿಂಡಿ, ಒಂದೇ ಪದರದ ಪಟ್ಟಿ

ನಿಜವಾದ ಬದಲಾವಣೆ ಬಂದದ್ದು ತಲೆಯ ಕಿಂಡಿಯಿಂದ. ಕೆಲವು ಸ್ಟಿರಪ್‌ಗಳಲ್ಲಿ ಪಟ್ಟಿ ತೂರುವ ಕಿಂಡಿಯನ್ನೇ 90 ಡಿಗ್ರಿ ತಿರುಗಿಸಿ ಮಾಡಿರುತ್ತಾರೆ. ಪಟ್ಟಿ ಜೀನಿಗೆ ಚಪ್ಪಟೆಯಾಗಿ ತೂಗುತ್ತದೆ, ಸ್ಟಿರಪ್ ಮಾತ್ರ ಪಾದಕ್ಕೆ ಬಾಯ್ತೆರೆದು ಎದುರಾಗಿ ನಿಲ್ಲುತ್ತದೆ. ಪಟ್ಟಿಯಲ್ಲಿ ಹುರಿ ಇಲ್ಲ, ಮಂಡಿಯ ಮೇಲೆ ಎಳೆತವೂ ಇಲ್ಲ. ಸ್ಟ್ಯಾಂಡ್ ಮೇಲೆ ಅದೇ ಪರೀಕ್ಷೆ ಮಾಡಿದೆವು. ಮೇಡಂ ಪಾದ ತೆಗೆದರು, ಸ್ಟಿರಪ್ ಇದ್ದಲ್ಲೇ ನಿಂತಿತು. ಕಣ್ಣಲ್ಲಿ ನೋಡದೆ ಪಾದ ಮುಂದೆ ಚಾಚಿದರು, ನೇರ ಒಳಗೆ ಹೋಯಿತು. ಜಾರಿದ ಸ್ಟಿರಪ್ ಮತ್ತೆ ಸಿಗದೆ ಗಾಬರಿಯಾಗುತ್ತಿದ್ದ ಎಡಗಾಲಿಗೂ ಇದರಿಂದ ಉಪಕಾರವಾಯಿತು. ಹಾಗಂತ ತುಂಬ ಹಗುರವಾದ ಪ್ಲಾಸ್ಟಿಕ್ ಜೋಡಿ ಬೇಡ ಅಂದೆ. ಹಗುರವಾದದ್ದು ಟ್ರಾಟ್‌ನಲ್ಲಿ ಕುಣಿಯುತ್ತದೆ, ಪಾದಕ್ಕೆ ಸಿಗುವುದಿಲ್ಲ. ಸ್ವಲ್ಪ ತೂಕ ಇದ್ದರೆ ತೂಗಿದ ಜಾಗದಲ್ಲೇ ನಿಲ್ಲುತ್ತದೆ.

ಇದಕ್ಕೆ ಒಂದು ಅನಾನುಕೂಲ ಇದೆ. ಸಾದಾ ಸ್ಟಿರಪ್ ಅನ್ನು ಪಟ್ಟಿಯ ಮೇಲೆ ಜಾರಿಸಿದರೆ ಜೀನಿಗೆ ಒತ್ತಿ ಕೂರುತ್ತದೆ. ತಿರುಗಿದ ಕಿಂಡಿಯದು ಹೊರಗೆ ಚಾಚಿಕೊಂಡಿರುತ್ತದೆ. ಕುದುರೆಯನ್ನು ಬಾಗಿಲಲ್ಲಿ ನಡೆಸುವಾಗ ಚೌಕಟ್ಟಿಗೆ ಸಿಕ್ಕಿಕೊಳ್ಳಬಹುದು. ಹಾಗಾಗಿ ನಡೆಸುವಾಗ ಎರಡನ್ನೂ ಜೀನಿನ ಮೇಲೆ ಅಡ್ಡ ಎತ್ತಿಹಾಕುವುದನ್ನು ಸೈಸ್ ರೂಢಿ ಮಾಡಿಕೊಂಡ. ಕೊಳ್ಳುವ ಮೊದಲು ಕಿಂಡಿಯಲ್ಲಿ ನಿಮ್ಮ ಪಟ್ಟಿ ಸಲೀಸಾಗಿ ತೂರುತ್ತದಾ ಅಂತಲೂ ನೋಡಬೇಕು.

ಪಟ್ಟಿಯನ್ನೂ ಬದಲಿಸಿದೆವು. ಹಳೆಯದರಲ್ಲಿ ಎರಡು ಪದರ, ಮೇಲೆ ಬಕಲ್. ಆ ಗಂಟು ತೊಡೆಯ ಒಳಗೆ ಒತ್ತಿ, ಬಲ ತೊಡೆಯನ್ನು ಇನ್ನೂ ಹೊರಕ್ಕೆ ತಳ್ಳುತ್ತಿತ್ತು. ಹೊಸದು ಒಂದೇ ಪದರದ್ದು, ಬಕಲ್ ಕೆಳಗೆ ಸ್ಟಿರಪ್ ಹತ್ತಿರ ಇರುತ್ತದೆ. ಒಳಗೆ ನೈಲಾನ್ ನೂಲಿರುವುದರಿಂದ ಸುಲಭಕ್ಕೆ ಹಿಗ್ಗುವುದಿಲ್ಲ. ಕೂತಲ್ಲಿಂದ ಉದ್ದ ಬದಲಿಸಲು ಬಗ್ಗಬೇಕಾಗುತ್ತದೆ, ಮೇಡಂಗೆ ಅದು ಕಷ್ಟ, ಅದಕ್ಕೆ ಹತ್ತುವ ಮೊದಲೇ ಅಳತೆ ಮಾಡಿಬಿಡುತ್ತೇವೆ. ಹಿಗ್ಗುವುದಿಲ್ಲ ಅಂದರೂ ಎಡಬಲ ಅದಲುಬದಲು ಮಾಡುವುದನ್ನು ಬಿಟ್ಟಿಲ್ಲ. ಹೊಲಿಗೆ, ತೂತಿನ ಬಾಯಿ, ಬಕಲ್‌ಗೆ ಮಡಚುವ ಜಾಗ, ಈ ಮೂರರಲ್ಲಿ ಬಿರುಕು ಕಂಡರೆ ಆ ಪಟ್ಟಿ ಅಲ್ಲಿಗೇ ಮುಗಿಯಿತು. ಕೀಲು ನೋವಿರುವವರಿಗೆ ಪಟ್ಟಿ ಹರಿದಾಗ ಸಾವರಿಸಿಕೊಳ್ಳುವ ಶಕ್ತಿ ಕಡಿಮೆ.

ಪಾದ ಹೊರಬರುತ್ತದಾ?

ನೋವಿನ ಕಡೆ ಇಷ್ಟು ದೂರ ಬಂದ ಮೇಲೆ ಮೊದಲ ದಿನದ ಪ್ರಶ್ನೆಗೆ ಮರಳಿದೆವು. ಅಗಲ ತಳ, ರಬ್ಬರ್ ಹಿಡಿತ, ಪಾದಕ್ಕೆ ಎದುರಾಗಿ ನಿಲ್ಲುವ ಬಾಯಿ, ಇವೆಲ್ಲ ಪಾದವನ್ನು ಒಳಗೆ ಇಡಲು ಇರುವ ಅನುಕೂಲಗಳು. ಬಿದ್ದರೆ ಪಾದ ಹೊರಗೂ ಬರಬೇಕಲ್ಲ?

ಹೊರಪಕ್ಕದ ಕಂಬಿಯ ಬದಲು ದಪ್ಪ ರಬ್ಬರ್ ಬ್ಯಾಂಡ್ ಇರುವ ಸ್ಟಿರಪ್ ಎಲ್ಲ ಕಡೆ ಕಾಣುತ್ತದೆ. ಎಳೆತ ಬಿದ್ದರೆ ಬ್ಯಾಂಡ್ ಕಳಚಿಕೊಳ್ಳುತ್ತದೆ. ಮಕ್ಕಳಿಗೆ ಒಳ್ಳೆಯದು. ದೊಡ್ಡವರ ಭಾರಕ್ಕೆ ಒಂದೇ ಕಂಬಿಯ ಚೌಕಟ್ಟು ಬಾಗುವ ಭಯ ಇರುತ್ತದೆ, ರಬ್ಬರ್ ಬಿಸಿಲಿಗೆ ಬಿರುಕು ಬಿಡುತ್ತದೆ. ಮುಂದೆ ಪಂಜರ ಇರುವ ಸ್ಟಿರಪ್ ಪಾದ ಆಚೆ ತೂರಿಹೋಗದಂತೆ ತಡೆಯುತ್ತದೆ, ಹಿಮ್ಮಡಿ ಇಳಿಯದ ಪಾದಕ್ಕೆ ಇದು ನಿಜಕ್ಕೂ ಒಳ್ಳೆಯ ಆಯ್ಕೆ. ಆದರೆ ಮೇಡಂ ಅವರ ಬಲಪಾದ ಓರೆಯಾಗಿ ಕೂರುವುದರಿಂದ ಬೂಟಿನ ಮೂಗು ಪಂಜರದ ಒಂದು ಮೂಲೆಗೆ ಒತ್ತುತ್ತಿತ್ತು. ಕೊನೆಗೆ ಆಯ್ದದ್ದು ಹೊರ ಕಂಬಿಯೇ ಒತ್ತಡಕ್ಕೆ ಬಾಗಿಲಿನಂತೆ ತೆರೆದುಕೊಳ್ಳುವ ಮಾದರಿ, ಅಗಲ ತಳ ಮತ್ತು ತಿರುಗಿದ ಕಿಂಡಿ ಎರಡೂ ಇರುವಂಥದ್ದು.

ಪರೀಕ್ಷೆ ಸ್ಟ್ಯಾಂಡ್ ಮೇಲೇ ಆಯಿತು. ಮೇಡಂ ಕೂತರು, ನಾನು ಅವರ ಬೂಟಿನ ಹಿಮ್ಮಡಿ ಹಿಡಿದು ಹಿಂದಕ್ಕೆ, ಪಕ್ಕಕ್ಕೆ, ಬಿದ್ದವರ ಕಾಲು ತಿರುಗುವ ಹಾಗೆ ಮೇಲಕ್ಕೆ ಎಳೆದೆ. ಯಾವ ದಿಕ್ಕಿನಿಂದಲೂ ಪಾದ ಬರಬೇಕು. ಬಂತು. ಈ ಜೋಡಿಗಳಲ್ಲಿ ಎಡ ಬಲ ಅಂತ ಗುರುತು ಇರುತ್ತದೆ. ಅದಲುಬದಲಾದರೆ ತೆರೆಯುವ ಕಂಬಿ ಕುದುರೆಯ ಹೊಟ್ಟೆಯ ಕಡೆ ಹೋಗಿ ಇದ್ದೂ ಇಲ್ಲದಂತಾಗುತ್ತದೆ. ಮಣ್ಣು, ಮರಳು ಸೇರಿದರೆ ಕೀಲು ಬಿಗಿಯುತ್ತದೆ. ಹಾಗಾಗಿ ಹತ್ತುವ ಮೊದಲು ಕೈಯಿಂದ ಒಮ್ಮೆ ತೆರೆದು ಮುಚ್ಚಿ ನೋಡುವುದು ಸೈಸ್ ಕೆಲಸವಾಯಿತು. ಜೀನಿನ ಸ್ಟಿರಪ್ ಬಾರ್‌ನ ಹಿಂತುದಿಯಲ್ಲಿರುವ ಕೊಕ್ಕೆಯನ್ನು ಮೇಲಕ್ಕೆ ಮಡಚದೆ ಬಿಟ್ಟೆವು, ಕೊನೆಗೆ ಬೇರೇನೂ ಕೆಲಸ ಮಾಡದಿದ್ದರೂ ಪಟ್ಟಿಯೇ ಕಳಚಿ ಬರಲಿ ಅಂತ. ಆದರೆ ನನ್ನ ಲೆಕ್ಕದಲ್ಲಿ ಈ ಯಂತ್ರಗಳೆಲ್ಲ ಕೊನೆಯ ಕಾವಲು. ಮೊದಲನೆಯದು ಸ್ಟಿರಪ್‌ನ ಅಗಲ. ಎರಡನೆಯದು ಬೂಟು: ತಳ ನುಣುಪಾಗಿರಬೇಕು, ಹಿಮ್ಮಡಿ ಎದ್ದು ಕಾಣುವಂತಿರಬೇಕು. ಅಗಲ ತಳದ ಸ್ಟಿರಪ್‌ಗೆ ಹಿಮ್ಮಡಿ ಇಲ್ಲದ ಕ್ರೀಡಾ ಶೂ ಹಾಕಿ ಹತ್ತುವವರನ್ನು ನೋಡಿದರೆ ನನಗೆ ಭಯವಾಗುತ್ತದೆ.

ಇಳಿಯುವ ಕ್ರಮವನ್ನು ಪೂರ್ತಿ ಬದಲಿಸಿದೆವು. ಒಂದು ಪಾದ ಸ್ಟಿರಪ್‌ನಲ್ಲಿಟ್ಟು ಏಣಿಯಂತೆ ಇಳಿಯುವುದು ಬಂದ್. ಕುದುರೆಯನ್ನು ಎತ್ತರದ ಕಟ್ಟೆಯ ಪಕ್ಕ ನಿಲ್ಲಿಸುತ್ತೇವೆ, ಸೈಸ್ ತಲೆ ಹಿಡಿಯುತ್ತಾನೆ. ಮೇಡಂ ಎರಡೂ ಪಾದ ಹೊರಗೆ ತೆಗೆದು, ಮುಂದಕ್ಕೆ ಬಾಗಿ, ಬಲಗಾಲು ಈಚೆ ತಂದು, ಜೀನಿಗೆ ಹೊಟ್ಟೆ ಆನಿಸಿ ಕಟ್ಟೆಗೆ ಜಾರುತ್ತಾರೆ. ಬೀಳುವ ಎತ್ತರವೇ ಉಳಿಯುವುದಿಲ್ಲ. ಹತ್ತುವುದೂ ಅದೇ ಕಟ್ಟೆಯಿಂದ. ಎಡಪಟ್ಟಿಯ ಮೇಲೆ ಎಳೆತ ಕಡಿಮೆ, ಜೀನು ಕುದುರೆಯ ಬೆನ್ನ ಮೇಲೆ ತಿರುಚುವುದೂ ಕಡಿಮೆ.

ಆಮೇಲೆ ಏನಾಯಿತು

ಎಲ್ಲ ಸಲೀಸಾಗಲಿಲ್ಲ. ಹೊಸ ಜೋಡಿಯಲ್ಲಿ ಒಮ್ಮೆ ಟ್ರಾಟ್ ನಡುವೆ ಬಲಗಡೆಯ ಹೊರ ಕಂಬಿ ಟಕ್ ಅಂತ ತೆರೆದುಕೊಂಡಿತು. ಮೇಡಂ ಗಾಬರಿಯಾಗದೆ ನಡಿಗೆಗೆ ಇಳಿಸಿ ನಿಲ್ಲಿಸಿದರು. ಯಂತ್ರ ಕೆಟ್ಟಿದೆ ಅಂತ ವಾಪಸ್ ಕೊಡಲು ಹೊರಟಿದ್ದರು. ಸ್ಟ್ಯಾಂಡ್ ಮೇಲೆ ಕೂರಿಸಿ ನೋಡಿದರೆ ಕಾರಣ ಬೇರೆ. ಓರೆಯಾಗಿ ಕೂತ ಪಾದ ನೇರ ಪಾದಕ್ಕಿಂತ ಹೆಚ್ಚು ಅಗಲ ತಿನ್ನುತ್ತದೆ, ತಳ ಹಿಂದೆ ಮುಂದೆ ಅಗಲವಾದಷ್ಟೂ ಈ ಒತ್ತಡ ಜಾಸ್ತಿ. ನಾವು ತಂದದ್ದು 13 ಸೆಂ.ಮೀ.ನದು, ನೇರ ಪಾದಕ್ಕೇ ಅದು ಅಂಚಿನಲ್ಲಿತ್ತು. ಬೂಟಿನ ಸಣ್ಣ ಬೆರಳಿನ ಭಾಗ ಹೊರ ಕಂಬಿಯನ್ನು ಸದಾ ಒತ್ತುತ್ತಿತ್ತು. ಒಂದು ಸೈಜ್ ದೊಡ್ಡದಕ್ಕೆ ಬದಲಿಸಿಕೊಂಡು, ಪಾದ ಆಚೆ ತೂರುವುದಿಲ್ಲ ಅಂತ ಎರಡು ಕಾಲಿಗೂ ಮತ್ತೆ ಪರೀಕ್ಷೆ ಮಾಡಿದೆವು. ಆಮೇಲೆ ಅದು ತಾನಾಗಿ ತೆರೆದಿಲ್ಲ.

ಈಗ ಮೇಡಂ ಮುಕ್ಕಾಲು ಗಂಟೆ ಸವಾರಿ ಮಾಡುತ್ತಾರೆ, ಹೆಚ್ಚಿನ ಪಾಲು ನಡಿಗೆ, ನಡುನಡುವೆ ಟ್ರಾಟ್. ಎಡಪಾದಕ್ಕೆ ಜೋಮಿಲ್ಲ. ಸ್ಟಿರಪ್ ಜಾರುವುದು ಅಪರೂಪ, ಜಾರಿದರೂ ಸಿಗುತ್ತದೆ. ಬಲ ಮಂಡಿಯ ನೋವು ಪೂರ್ತಿ ಹೋಗಿಲ್ಲ, ಹೋಗುವುದೂ ಇಲ್ಲ. ಸವೆದದ್ದನ್ನು ಯಾವ ಸ್ಟಿರಪ್ಪೂ ತುಂಬಿಕೊಡುವುದಿಲ್ಲ. ಟ್ರಾಟ್ ಉದ್ದವಾದರೆ ನೋವು ಬರುತ್ತದೆ. ಬರುವ ಮೊದಲೇ ಅವರು ಕುದುರೆಯನ್ನು ನಿಲ್ಲಿಸಿ, ಎರಡೂ ಪಾದ ತೆಗೆದು, ಕಾಲು ಇಳಿಬಿಟ್ಟು ಒಂದಿಷ್ಟು ಹೊತ್ತು ಕೂರುತ್ತಾರೆ. ಇಳಿದ ಮೇಲೆ ಜೀನು ಹಿಡಿದು ನಿಲ್ಲುವುದು ತಪ್ಪಿದೆ.

ಇದರಿಂದ ಬೇರೆಯವರಿಗೆ ಏನು ಉಪಯೋಗ

ಮೇಡಂ ಅವರ ಸಲಕರಣೆಗಳನ್ನೇ ಇನ್ನೊಬ್ಬರು ಕೊಂಡರೆ ಪ್ರಯೋಜನವಿಲ್ಲ. ಸೊಂಟ ಬಿಗಿದವರಿಗೆ, ಎರಡೂ ಪಾದದ ಕೀಲು ಗಟ್ಟಿಯಾದವರಿಗೆ ನಾವು ಬಿಟ್ಟ ಬಾಗುವ ಸ್ಟಿರಪ್ಪೇ ಸರಿಹೋಗಬಹುದು. ಉಪಯೋಗಕ್ಕೆ ಬರುವುದು ನೋಡಿದ ಕ್ರಮ. ನಾವು ಒಂದು ಸಲಕ್ಕೆ ಒಂದನ್ನೇ ಬದಲಿಸಿದೆವು. ಹಲ್ಲಿನ ತಳ ಮತ್ತು ತಿರುಗಿದ ಕಿಂಡಿ ಎರಡನ್ನೂ ಒಂದೇ ದಿನ ಹಾಕಿದ್ದರೆ ಒಂದು ಕೊಟ್ಟ ಉಪಕಾರವನ್ನು ಇನ್ನೊಂದು ತಿಂದುಹಾಕುತ್ತಿತ್ತು, ಎರಡನ್ನೂ ಬೇಡ ಅಂತ ಬಿಟ್ಟುಬಿಡುತ್ತಿದ್ದೆವು. ಕೊಳ್ಳುವುದಕ್ಕಿಂತ ಮೊದಲು ಎರವಲು ತಂದದ್ದೂ ಅಷ್ಟೇ ಮುಖ್ಯ.

ಇನ್ನೊಂದು, ಹಿತಕ್ಕಾಗಿ ಮಾಡಿದ ಪ್ರತಿ ಬದಲಾವಣೆಗೂ ಪಾದ ಹೊರಬರುವ ಪರೀಕ್ಷೆಯನ್ನು ಮೊದಲಿನಿಂದ ಮಾಡಬೇಕು. ಬೂಟು ಬದಲಾದರೂ ಸರಿ, ದಪ್ಪ ಕಾಲುಚೀಲ ಹಾಕಿದರೂ ಸರಿ. ಮೇಡಂ ಅಪಾಯಕ್ಕೆ ಸಿಕ್ಕಿದ್ದು ಕೆಟ್ಟ ಸಲಕರಣೆಯಿಂದಲ್ಲ, ಒಳ್ಳೆಯ ಬೂಟು ಮತ್ತು ಒಳ್ಳೆಯ ಸ್ಟಿರಪ್ ಒಂದಕ್ಕೊಂದು ಹೊಂದದೆ ಇದ್ದದ್ದರಿಂದ. ನೋವಿರುವವರು ತಮಗೆ ತಾವೇ ಮಾಡಿಕೊಂಡ ಉಪಾಯಗಳನ್ನೂ ಕೇಳಿ ತಿಳಿದುಕೊಳ್ಳಬೇಕು. ಏಣಿಯಂತೆ ಇಳಿಯುವುದನ್ನು ಮೇಡಂ ಯಾರಿಗೂ ಹೇಳಿರಲಿಲ್ಲ, ಅದು ಅವರಿಗೆ ತೊಂದರೆ ಅನ್ನಿಸಿರಲಿಲ್ಲ.

ಬಾಕಿ ಇರುವುದು ಜೀನಿನ ವಿಷಯ. ಬಲಪಾದ ಅಷ್ಟು ಹೊರಗೆ ತಿರುಗಲು ಸೊಂಟದ ಬಿಗಿತ ಮಾತ್ರ ಕಾರಣವಾ, ಅಗಲ ಬೆನ್ನಿನ ಕುದುರೆ ಮತ್ತು ಅಗಲ ನಡುವಿನ ಜೀನು ತೊಡೆಗಳನ್ನು ದೂರ ತಳ್ಳುತ್ತಿವೆಯಾ ಅನ್ನುವುದನ್ನು ನೋಡಬೇಕಿದೆ. ನಡು ಕಿರಿದಾದ ಒಂದು ಜೀನನ್ನು ಎರವಲು ಕೇಳಿದ್ದೇವೆ. ಅದು ಮೊದಲು ಕುದುರೆಯ ಬೆನ್ನಿಗೆ ಹೊಂದಬೇಕು, ಆಮೇಲೆ ಸ್ಟ್ಯಾಂಡ್ ಮೇಲೆ ಮೇಡಂ ಕಾಲು ಇಳಿಬಿಟ್ಟು ಕೂರುತ್ತಾರೆ.